ಒಳಗೆ ಬಿಟ್ಟ ಬಟ್ಟೆ

ಟ್ರಯಲ್ ಪರದೆಯ ಹಿಂದಿನಿಂದ,
ಗುರುವಾರ, ಹನ್ನೆರಡನೇ ತಾರೀಖು, ಮಧ್ಯಾಹ್ನ

ನನ್ನ ಮುದ್ದು ಪುಟ್ಟಿಗೆ ಚಿಕ್ಕಮ್ಮನ ಮುತ್ತುಗಳು.

ಹೇಗಿದ್ದೀಯೇ? ಹಲ್ಲುನೋವು ಇಳಿಯಿತಾ? ಊದಿದ ಕೆನ್ನೆ ಮಾಮೂಲಿಗೆ ಬಂತಾ, ಇಲ್ಲ ಇನ್ನೂ ಒಂದು ಕಡೆ ಲಾಭ ಒಂದು ಕಡೆ ನಷ್ಟ ಅನ್ನುವ ಹಾಗೆಯೇ ಇದೆಯಾ? ನಿಮ್ಮಮ್ಮನ ಮಂಡಿ ಹೇಗಿದೆ? ಆಸ್ಪತ್ರೆಗೆ ಬಂದವರಿಗೆಲ್ಲ ರೆಸ್ಟ್ ತಗೊಳ್ಳಿ ಅನ್ನುವ ನರ್ಸಮ್ಮ ತಾನು ಮಾತ್ರ ಕೂರುವುದಿಲ್ಲ. ನಾನು ಚೆನ್ನಾಗಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ಸ್ಟೂಲಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಬೇಕರಿಯಮ್ಮ ಅರ್ಧ ಹೊಲಿದ ಕೋಟು ಹಾಕಿಕೊಂಡು ಗೊಂಬೆಯ ಹಾಗೆ ನಿಂತಿದ್ದಾರೆ. ಈ ಮನೆಯಲ್ಲಿ ನಿನ್ನ ಚಿಕ್ಕಪ್ಪ ಕಾಲಿಡದ ಜಾಗ ಅಂದರೆ ಈ ಪರದೆಯ ಹಿಂದೆ ಮಾತ್ರ, ಅದೂ ಒಳಗೆ ಗಿರಾಕಿ ಇದ್ದಾಗ. ಬೇಕರಿಯಮ್ಮನಿಗೆ ಅದು ಗೊತ್ತು. ಈಗಷ್ಟೇ ಚಿಕ್ಕಪ್ಪ ಹೊರಗಿನಿಂದ "ಇನ್ನೂ ಆಗಲಿಲ್ವಾ?" ಅಂದರು. "ನನ್ನ ಸೊಂಟ ನೋಡಿದೀರಲ್ಲ ಸ್ವಾಮಿ, ಟೇಪು ಒಂದು ಸುತ್ತು ಹೋಗಿ ಬರೋಕೆ ಹೊತ್ತು ಬೇಡ್ವಾ?" ಅಂದರು ಬೇಕರಿಯಮ್ಮ. ಆ ಸೊಂಟ ನೂರು ಕಾಲ ಬಾಳಲಿ.

ನಿನ್ನ ಕಾಗದವನ್ನು ಚಿಕ್ಕಪ್ಪನೇ ಒಡೆದು ಓದಿ, ಆಮೇಲೆ ನನಗೆ ಕೊಟ್ಟರು. ನೀನು ಕೇಳಿದ ಪ್ರಶ್ನೆ ಅವರಿಗೂ ಬಹಳ ಹಿಡಿಸಿತಂತೆ. "ಚಿಕ್ಕಮ್ಮ, ನೀನು ಮೆಚ್ಚಿ ಮದುವೆಯಾದವಳು. ಅವನದು ಪ್ರೀತಿಯಾ, ಬರೀ ಆಸೆಯಾ, ಹೇಗೆ ಗೊತ್ತಾಗುತ್ತೆ?" ನೋಡು, ಆಸೆಯನ್ನು ಬೈಯುವವಳಲ್ಲ ನಾನು. ಆಸೆಯಿಲ್ಲದ ಪ್ರೀತಿ ಉಪ್ಪಿಲ್ಲದ ಅಡುಗೆ. ಆದರೆ ಉಪ್ಪನ್ನೇ ತಟ್ಟೆ ತುಂಬ ಬಡಿಸಿ ಊಟ ಮಾಡು ಅನ್ನುವವರೂ ಇದ್ದಾರೆ. ನಿನ್ನ ಕಣ್ಣು ನನ್ನ ನಿದ್ದೆ ಕೆಡಿಸಿದೆ ಅಂದನಂತೆ ನಿನ್ನ ಹುಡುಗ. ಅದು ಅವನ ನಿದ್ದೆಯ ಸಮಾಚಾರ, ಅದರಲ್ಲಿ ನಿನ್ನ ವಿಷಯ ಏನಿದೆ? ನಾನಾದರೆ ಜಮೆಗೆ ಹಿಡಿಯುವುದಿಲ್ಲ. ಆದರೆ ಕಾಗದದ ಮೂಲೆಯಲ್ಲಿ ನೀನೇ ಇನ್ನೊಂದು ಗೀಚಿದ್ದೀಯ: ಕೆನ್ನೆ ಕುಂಬಳಕಾಯಿಯಾದ ದಿನ ಐಸ್ ತಂದುಕೊಟ್ಟು, ನಿನ್ನ ಮುಖ ನೋಡಿ ಹೊಟ್ಟೆ ಹಿಡಿದು ನಕ್ಕು, ಆಮೇಲೆ ಡಾಕ್ಟರ ಬಾಗಿಲಲ್ಲಿ ನಿನ್ನ ಬದಲು ಕ್ಯೂ ನಿಂತ ಅಂತ. ಪೆದ್ದಿ, ಅದನ್ನಲ್ಲವೇ ದೊಡ್ಡಕ್ಷರದಲ್ಲಿ ಬರೆಯಬೇಕಿದ್ದದ್ದು.

ನನ್ನ ಕಸುಬಿನ ಮಾತಲ್ಲಿ ಹೇಳುತ್ತೇನೆ. ಯಾರ ಬಟ್ಟೆ ಹೊಲಿದರೂ ಹೊಲಿಗೆಯ ಒಳಗೆ ಎರಡು ಬೆರಳಿನಷ್ಟು ಬಟ್ಟೆ ಬಿಡುತ್ತೇನೆ. ಮೈ ಇವತ್ತಿದ್ದ ಹಾಗೆ ನಾಳೆ ಇರುವುದಿಲ್ಲ, ಬಿಚ್ಚಿ ಸಡಿಲ ಮಾಡಲು ಬೇಕು. ಒಬ್ಬಳೇ ಕಟ್ಟಿದ ಅಂಗಡಿ ನಿಂತದ್ದೇ ಹೊರಗೆ ಕಾಣದ ಆ ಎರಡು ಬೆರಳಿನ ಮೇಲೆ. ಮದುವೆಯ ಹೊಸದರಲ್ಲಿ ನಿನ್ನ ಚಿಕ್ಕಪ್ಪ ಹಸಿರು ರೇಷ್ಮೆ ತಂದರು. ಡ್ರೆಸ್ಸು ಮೈಗಂಟಿದ ಹಾಗಿರಬೇಕು, ಒಳಗಿನ ಬಟ್ಟೆ ಉಬ್ಬಿ ಕಾಣುತ್ತೆ, ಕತ್ತರಿಸಿಬಿಡು ಅಂದರು. ಎದುರಿಗೆ ಅಂಥ ಮುಖ ನಿಂತಿದ್ದರೆ ಕತ್ತರಿಗೆಲ್ಲಿಯ ಬುದ್ಧಿ? ಯಾವ ಗಿರಾಕಿಗೂ ಮಾಡದ್ದನ್ನು ನನಗೆ ನಾನೇ ಮಾಡಿಕೊಂಡೆ, ಹೊಲಿಗೆಯ ಅಂಚಿನವರೆಗೂ ಕತ್ತರಿಸಿದೆ. ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಗಂಡಸರು ಓಡಾಡುವ ಬೀದಿಯಲ್ಲಿ ಅಂಗಡಿ ಬೇಡವೆಂದು ಮಷೀನುಗಳು ಮನೆಯ ಮಹಡಿಗೆ ಬಂದವು. ಕೆಳಗಿನ ಬಾಗಿಲ ಬೀಗದಕೈ ಅವರ ಜೇಬಿಗೆ ಹೋಯಿತು, ಹಿಂದೆಯೇ ಫೋನೂ ಹೋಯಿತು. ತಮ್ಮ ಬಟ್ಟೆ ಏಜೆಂಟ್ ಕೆಲಸ ಬಿಟ್ಟು ಎದುರಿಗೆ ಕುರ್ಚಿ ಹಾಕಿಕೊಂಡು ನಾನು ಹೊಲಿಯುವುದನ್ನೇ ನೋಡುತ್ತಾರೆ. "ನಿನ್ನನ್ನ ಕಣ್ಣಲ್ಲಿಟ್ಟು ನೋಡ್ಕೊಳ್ತಾರೆ ಕಣೇ" ಅಂತ ಗಿರಾಕಿಗಳಿಗೆ ಹೊಟ್ಟೆಕಿಚ್ಚು. ಕಣ್ಣಲ್ಲಿಟ್ಟುಕೊಂಡವರು ರೆಪ್ಪೆ ಮುಚ್ಚಿದರೆ ಒಳಗಿದ್ದವಳಿಗೆ ಕತ್ತಲೆ ಅಂತ ಯಾರ ಹತ್ತಿರ ಹೇಳಲಿ?

ಹೋದ ವರ್ಷ ಟೈಫಾಯ್ಡ್ ಬಂತಲ್ಲ, ಕೂದಲು ಉದುರಿ ಕೆನ್ನೆ ಒಳಗೆ ಹೋಯಿತು. ಅಷ್ಟು ದಿನವೂ ಅವರು ನನ್ನ ಕೋಣೆಯ ಹೊಸ್ತಿಲು ದಾಟಲಿಲ್ಲ. ನನ್ನ ಹಾಸಿಗೆ ಬಟ್ಟೆಯನ್ನು ಕೋಲಿನಲ್ಲಿ ತಳ್ಳಿದರು. ನಿಮ್ಮಮ್ಮನಿಗೆ ಫೋನ್ ಮಾಡಿ "ಕರ್ಕೊಂಡು ಹೋಗಿ, ಹುಷಾರಾದ ಮೇಲೆ ಕಳಿಸಿ" ಅಂದರು. ನಾನೇ ಹೋಗಲಿಲ್ಲ, ಪಾಪ ಅವರ ಊಟಕ್ಕೆ ಯಾರು ಅಂದುಕೊಂಡೆ. ನಿನ್ನನ್ನು ಪೆದ್ದಿ ಅಂದೆನಲ್ಲ, ಅದು ನಮ್ಮ ವಂಶದ ಆಸ್ತಿ.

ವಾಸಿಯಾಗಿ ಮೈ ತುಂಬಿಕೊಂಡೆ. ಹಸಿರು ಡ್ರೆಸ್ಸು ಬೆನ್ನಲ್ಲಿ ಕೂಡಲಿಲ್ಲ. ಬಿಚ್ಚೋಣವೆಂದರೆ ಒಳಗೆ ಒಂದೆಳೆ ಮಿಕ್ಕಿಲ್ಲ. ಹೊಸದು ಹೊಲಿದುಕೊಳ್ಳುತ್ತೇನೆ ಅಂದೆ. "ಯಾಕೆ? ನೀನೇ ಇದಕ್ಕೆ ಸರಿಹೋಗೋ ಹಾಗೆ ಆಗು" ಅಂದರು. ಬೈದು ಅಲ್ಲ, ತಲೆ ಸವರಿ, ಮುದ್ದಿನಿಂದಲೇ. ಅವತ್ತಿನಿಂದ ಡ್ರೆಸ್ಸು ಊಟದ ಮೇಜಿನ ಎದುರು ಮೊಳೆಯಲ್ಲಿ ನೇತಾಡುತ್ತಿದೆ. ನನ್ನ ತಟ್ಟೆಗೆ ಅವರೇ ಬಡಿಸುತ್ತಾರೆ, ಅವರೇ ಸಾಕು ಅನ್ನುತ್ತಾರೆ. ಭಾನುವಾರ ಬಂದರೆ ನನ್ನದೇ ಟೇಪು ಹಿಡಿದು ನನ್ನನ್ನು ಅಳೆಯುತ್ತಾರೆ.

ಅದಕ್ಕೇ ಹೇಳುವುದು, ಆಸೆ ಇವತ್ತಿನ ಅಳತೆಗೆ ಹೊಲಿಯುತ್ತದೆ, ಪ್ರೀತಿ ಒಳಗೆ ಬಟ್ಟೆ ಬಿಟ್ಟಿರುತ್ತದೆ. ನಿನ್ನ ಹುಡುಗ ಒಳಗೆ ಎರಡು ಬೆರಳು ಬಿಟ್ಟ ಹಾಗೆ ಕಾಣುತ್ತದೆ. ಆದರೂ ಅವಸರ ಬೇಡ, ಇನ್ನೂ ನಾಲ್ಕು ಸಲ ಕೆನ್ನೆ ಊದಲಿ.

ಹೊರಗೆ ಕುರ್ಚಿ ಸರಿದ ಸದ್ದಾಯಿತು, ನಿಲ್ಲಿಸುತ್ತೇನೆ. ಇದು ಬೇಕರಿಯಮ್ಮನ ಚೀಲದಲ್ಲಿ ಅಂಚೆಗೆ ಹೋಗುತ್ತದೆ. ಹೊಟ್ಟೆ ತುಂಬ ಉಣ್ಣು, ಯಾರ ಮುಖವನ್ನೂ ನೋಡಿ ತಟ್ಟೆ ಬಿಟ್ಟು ಏಳಬೇಡ. ಒಳ್ಳೆಯದಾಗಲಿ ಮಗಳೇ.

ನಿನ್ನ
ಚಿಕ್ಕಮ್ಮ

ಮರೆತೆ: ಬರುವ ಸೋಮವಾರದಿಂದ ನನಗೆ ಜ್ವರ. ಅಷ್ಟರೊಳಗೆ ಇದು ನಿನ್ನ ಕೈಸೇರುತ್ತದೆ, ಅಮ್ಮನಿಗೆ ಓದಿ ಹೇಳು. ಕರ್ಕೊಂಡು ಹೋಗಿ ಅಂತ ಚಿಕ್ಕಪ್ಪನೇ ಫೋನ್ ಮಾಡುತ್ತಾರೆ. ಅಮ್ಮ ತಟ್ಟನೆ ಒಪ್ಪಬಾರದು, ಡ್ಯೂಟಿ ಇದೆ, ಮಂಡಿನೋವು ಅಂತ ಒಂದಷ್ಟು ಗೊಣಗಿ ಬರಲಿ. ಗೊಣಗುವುದನ್ನು ಅವಳಿಗೆ ಹೇಳಿಕೊಡಬೇಕಾಗಿಲ್ಲ. ನನ್ನ ಹಾಸಿಗೆ ಬಟ್ಟೆಯ ದೊಡ್ಡ ಗಂಟೊಂದು ಇರುತ್ತದೆ, ಬಹಳ ಭಾರ, ಒಳಗೆ ಟೇಬಲ್ಲಿನಿಂದ ಬಿಚ್ಚಿದ ಮಷೀನು. ರೋಗಿಯ ಬಟ್ಟೆ ಅವರು ಮುಟ್ಟುವುದಿಲ್ಲ. ಹುಷಾರಾದ ಮೇಲೆ ಕಳಿಸಿ ಅಂತ ಈ ಸಲವೂ ಹೇಳುತ್ತಾರೆ. ಅಮ್ಮ ಹೂಂ ಅನ್ನಲಿ. ನಾನು ಹುಷಾರಾಗುವುದಿಲ್ಲ.