ಮಾವ ಬರೆದ ಝಿಚಾನ್

ಬಾನ್, ಜರ್ಮನಿ,
೧೪ ನವೆಂಬರ್ ೨೦೨೪

ಪ್ರೀತಿಯ ರಾಮಸ್ವಾಮಿ ಮಾವನಿಗೆ ಗಗನಾಳ ನಮಸ್ಕಾರಗಳು.

ಉತ್ತರ ತಡವಾಯಿತು, ಬೈಯಬೇಡಿ. ಪರೀಕ್ಷೆ ಇತ್ತು, ಹೊಸ ರೂಮಿನ ಆನ್‌ಮೆಲ್ಡುಂಗ್‌ಗೆ, ಅಂದರೆ ವಿಳಾಸ ನೋಂದಣಿಗೆ, ಕಚೇರಿ ಅಲೆದಾಟವಿತ್ತು ಅಂತ ನೆಪ ಹೇಳಬಹುದು. ನಿಜವಾಗಿ ನಿಮಗೆ ಬರೆಯಲು ಮುಖವಿರಲಿಲ್ಲ. ಅತ್ತೆ ಕಳಿಸಿದ ಚಟ್ನಿಪುಡಿಯನ್ನು ರೂಮ್‌ಮೇಟ್ ಸ್ವೀಡಲ್ ಬ್ರೆಡ್ಡಿಗೂ ಹಚ್ಚಿಕೊಂಡು ಅರ್ಧ ಖಾಲಿ ಮಾಡಿದ್ದಾಳೆ.

ನಿಮ್ಮ ಝಿಚಾನ್ ಪುಸ್ತಕ ಪ್ರೆಸ್ಸಿಗೆ ಹೋಗುತ್ತಿದೆ ಎಂದು ಓದಿ ಕುಣಿದಾಡಬೇಕಿತ್ತು. ಎರಡೂವರೆ ಸಾವಿರ ವರ್ಷದ ಹಿಂದಿನ ಚೀನಾದ ಮಂತ್ರಿಯನ್ನು ತಿಪಟೂರಿನ ನಮ್ಮ ಮನೆಯಲ್ಲಿ ಹನ್ನೆರಡು ವರ್ಷ ನೆಂಟನ ಹಾಗೆ ಇಟ್ಟುಕೊಂಡಿದ್ದಿರಿ. ಕಾನೂನನ್ನು ಕಂಚಿನ ಪಾತ್ರೆಯ ಮೇಲೆ ಎರಕ ಹೊಯ್ಸಿ, ಎಲ್ಲರೂ ಓದಲಿ ಎಂದವನು ಅವನು. ಕಾಣಿಕೆ ಹೊತ್ತು ಹೋದಾಗ ದೊಡ್ಡ ರಾಜ್ಯದವರು ಸುಮ್ಮನೆ ಕಾಯಿಸಿದ್ದಕ್ಕೆ, ಗಾಡಿ ಒಳಗೆ ಬರಲಿ ಎಂದು ಅವರ ಛತ್ರದ ಗೋಡೆಯನ್ನೇ ಕೆಡವಿಸಿದ. ಮಾತಾಡಿ ಮಾತಾಡಿ ಕೊನೆಗೆ ಅವರಿಂದಲೇ ತಪ್ಪಾಯಿತು ಎನ್ನಿಸಿದ. 'ಸಣ್ಣ ರಾಜ್ಯದವನಾದ್ರೆ ತಲೆ ತಗ್ಗಿಸ್ಬೇಕು ಅಂತೇನಿಲ್ಲ ಕಣಮ್ಮ' ಎನ್ನುತ್ತಿದ್ದಿರಿ. ಅಪ್ಪ ಹೋದ ಮೇಲೆ ಅಮ್ಮನನ್ನೂ ನನ್ನನ್ನೂ ಸಾಕಿದ್ದು ಆ ಮಾತಿನಲ್ಲೇ.

ಮಾವ, ನೀವು ಕಳಿಸಿದ ಮುನ್ನುಡಿಯಲ್ಲಿ 'ಬಾನ್‌ನ ಚೀನೀ ಅಧ್ಯಯನದ ಪ್ರೊಫೆಸರ್ ಇದರ ಇಂಗ್ಲಿಷ್ ಸಾರಾಂಶ ಓದಿ ಮೆಚ್ಚಿದ್ದಾರೆ' ಎಂದಿದೆಯಲ್ಲ, ಆ ಸಾಲನ್ನು ದಯವಿಟ್ಟು ಇವತ್ತೇ ತೆಗೆಸಿ. ಅವರು ಓದೇ ಇಲ್ಲ. ಫೋನಿನಲ್ಲಿ ನಾನು ಹೇಳಿದ್ದು ಸುಳ್ಳು.

ನೀವೇ ಬರೆದಿದ್ದೀರಿ. ಕೊಳಕ್ಕೆ ಬಿಡು ಎಂದು ಝಿಚಾನ್ ಕೊಟ್ಟ ಮೀನನ್ನು ಆಳು ಬೇಯಿಸಿ ತಿಂದು, 'ಈಜಿಕೊಂಡು ಹೋಯ್ತು' ಎಂದನಂತೆ. ಝಿಚಾನ್ 'ಸೇರಬೇಕಾದ ಜಾಗ ಸೇರಿತು' ಎಂದು ಹಿಗ್ಗಿದನಂತೆ. ಆವತ್ತು ನೀವೂ ಹಾಗೇ ಹಿಗ್ಗಿದಿರಿ. 'ಕೇಳಿಸ್ತೇನೇ, ಜರ್ಮನಿಯವರು ಒಪ್ಪಿದ್ರಂತೆ' ಎಂದು ಅತ್ತೆಯನ್ನು ಕರೆದಿದ್ದು ನನಗಿಲ್ಲಿ ಕೇಳಿಸಿತು. ಆ ಆಳು ನಾನೇ. ನಾಚಿಕೆಗೆ ಅನ್ನ ಸೇರುತ್ತಿಲ್ಲ.

ಅತ್ತೆಗೂ ಅಮ್ಮನಿಗೂ ನಮಸ್ಕಾರ. ನಿಮ್ಮ ಆಶೀರ್ವಾದ ಕೇಳುವ ಯೋಗ್ಯತೆ ಇಲ್ಲ, ಆದರೂ ಬೇಕು.

ನಿಮ್ಮ ತಂಗಿಯ ಮಗಳು,
ಗಗನಾ

ತಾ.ಕ.: ಹೆದರಿಕೊಂಡು ತೋರಿಸಲಿಲ್ಲ ಎಂದುಕೊಳ್ಳಬೇಡಿ. ನೀವು ಕಳಿಸಿದ ಸಾರಾಂಶದ ಕಟ್ಟನ್ನು ಪ್ರೊಫೆಸರ್ ಕೋಣೆಯವರೆಗೂ ಒಯ್ದಿದ್ದೆ. ಮೊದಲ ಹಾಳೆಯ ಮೂಲೆಗಳಿಗೆ ಅತ್ತೆ ಹಚ್ಚಿದ ಅರಿಶಿನ ಕುಂಕುಮ ಕಂಡು ಪ್ರೊಫೆಸರೇ ಕೈ ಚಾಚಿ, 'ಇದನ್ನು ಬರೆದದ್ದು ನಿಮ್ಮ ಮನೆಯವರೇ?' ಎಂದು ಕೇಳಿದರು. ಹಿಂದೆ ನನ್ನ ಕ್ಲಾಸಿನ ಇಬ್ಬರು ನಿಂತಿದ್ದರು. ನಾನು ಕಟ್ಟನ್ನು ಚೀಲಕ್ಕೆ ತುರುಕಿ, 'ಅಲ್ಲ, ಊರಲ್ಲಿ ಯಾರೋ ಒಬ್ಬರು' ಎಂದೆ.