ಇಪ್ಪತ್ತೆಂಟು ವರ್ಷದ ಒಗರು

ನೊಗಾರೊ
ಶನಿವಾರ, ಮಾರ್ಚ್ ೨, ೨೦೨೪

ಅರ್ಮಾನ್,

‘ಪ್ರಿಯ’ ಎಂದು ಬರೆಯಲು ಹೋಗಿ ಬಿಟ್ಟೆ. ಬೇರೆಯಾಗಿ ಹತ್ತು ವರ್ಷವಾದ ಗಂಡನಿಗೆ ಆ ಪದ ಯಾವ ಲೆಕ್ಕದಲ್ಲಿ ಸೇರುತ್ತದೋ ತಿಳಿಯಲಿಲ್ಲ. ನಾನು ಮಾತು ಶುರು ಮಾಡುವುದೇ ಖರ್ಚಿನಿಂದ ಎಂದು ನೀನು ಊರಿಗೆಲ್ಲ ಹೇಳಿಕೊಂಡು ಓಡಾಡಿದವನು. ಹಾಗೇ ಆಗಲಿ. ನವೆಂಬರಿನ ಆ ಒಂದು ಮಧ್ಯಾಹ್ನಕ್ಕೆ ತಗಲಿದ್ದು ಇಷ್ಟು: ಮಗಳು ಹುಟ್ಟಿದ ವರ್ಷದ ವೈನು, ಎರಡು ಡಜನ್. ಬಯೋನಿನ ಒಬ್ಬ ಒಳ್ಳೆಯ ಗಿರಾಕಿ. ಬಾಟಲಿ ತುಂಬುವ ನನ್ನ ಲಾರಿಯನ್ನು ಪ್ರತಿ ವಸಂತದಲ್ಲೂ ಅಂಗಳಕ್ಕೆ ಕರೆಸಿಕೊಳ್ಳುತ್ತಿದ್ದ ನಾಲ್ಕು ತೋಟಗಳು. ಮತ್ತೆ, ಮೂವತ್ತು ವರ್ಷ ಡೀಸೆಲ್ ಹೊಗೆ ಕುಡಿದು ನಾನು ಸಂಪಾದಿಸಿದ್ದ ಒಂದು ಮಾತು: ಮರೀಸ್ ಹಾಕಿದ ಬಿರಡೆ ಕೈಕೊಡುವುದಿಲ್ಲ ಎಂಬುದು.

ಇದರಲ್ಲಿ ಒಂದನ್ನೂ ವಾಪಸು ಕೇಳಲು ಬರೆಯುತ್ತಿಲ್ಲ. ಬರುವ ಗುರುವಾರ ನೀನು ಬೇರೆ ಬೇರೆ ಪೀಪಾಯಿಗಳ ಹೊಸ ವೈನನ್ನು ಬೆರೆಸಲು ಕೂರುತ್ತೀಯ. ಅದಕ್ಕೆ ಮೊದಲು ಈ ಕಾಗದ ನಿನ್ನ ಕೈಸೇರಬೇಕು. ಅಷ್ಟೇ ಅವಸರ.

ಹೋದ ಭಾನುವಾರ ಮಗಾಲಿ ಬಂದಿದ್ದಳು. ಪೋ ಪಟ್ಟಣದ ಶಾಲೆಯ ಕೆಲಸಕ್ಕೆ ರಜೆ ಹಾಕಿದ್ದಾಳಂತೆ. ಇನ್ನು ಮೇಲೆ ನಿನ್ನ ಜೊತೆ ನಿಂತು ತೋಟ ನೋಡಿಕೊಳ್ಳುತ್ತಾಳಂತೆ. ಈ ಸಲ ಬಾಟಲಿಯ ಚೀಟಿಯ ಮೇಲೆ ನಿನ್ನ ಹೆಸರಿನ ಪಕ್ಕದಲ್ಲಿ ಅವಳ ಹೆಸರೂ ಬರುತ್ತದಂತೆ. ತಾಯಿಯಾದವಳು ಸಂತೋಷಪಡಬೇಕಾದ ಸುದ್ದಿ. ನಾನು “ಒಳ್ಳೇದು” ಎಂದು ಕ್ಯಾರೆಟ್ ಹೆರೆಯುತ್ತಲೇ ಇದ್ದೆ. ಆಮೇಲೆ ಅವಳು ಬಿರಡೆಯ ವಿಷಯ ತೆಗೆದಳು.

“ಅಪ್ಪ ಇಪ್ಪತ್ತೆಂಟು ವರ್ಷ ಕಾಪಾಡಿದ್ದನ್ನ ಒಂದೇ ಮಧ್ಯಾಹ್ನಕ್ಕೆ ಹಾಳು ಮಾಡಿದ್ಯಲ್ಲಮ್ಮ. ಊರವರ ಬಾಟ್ಲಿಗೆ ಹತ್ತು ಸಲ ಮೂಸಿ ಬಿರಡೆ ಹಾಕ್ತೀಯ. ನಮ್ಮದಕ್ಕೇ ಯಾಕೆ ಹಂಗಾಯ್ತು?”

ಶೆಡ್ಡಿನಲ್ಲಿಟ್ಟಿದ್ದ ಬಿರಡೆ ಒದ್ದೆಯಾಗಿತ್ತು ಎಂದೆ.

“ನಿನ್ನ ಶೆಡ್ಡು ನಂಗೊತ್ತಿಲ್ವಾ? ಅಲ್ಲಿಗೆ ಇಲಿ ಬಂದ್ರೂ ಕಾಲೊರೆಸ್ಕೊಂಡು ಒಳಗೆ ಬರ್ತದೆ.”

“ನಿನ್ನಪ್ಪ ಏನಂದ?”

“ಏನನ್ನೋದು? ‘ಆಗ್ತದೆ ಬಿಡು’ ಅಂದ್ರು.”

ಆ ಮಾತಿಗೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಮುಟ್ಟಿ ನೋಡಿಕೊಂಡರೆ ಬೇರೆ ಯಾರದೋ ತುಟಿಯ ಹಾಗಿರುತ್ತದಲ್ಲ, ನವೆಂಬರಿನಿಂದ ನಾನು ಪೂರ್ತಿ ಹಾಗಿದ್ದೇನೆ. ಕೆಲಸ ನಡೆಯುತ್ತದೆ, ಊಟ ಹೋಗುತ್ತದೆ. ಕ್ಯಾರೆಟ್ ಅವತ್ತು ಬೇಕಾದ್ದಕ್ಕಿಂತ ಎರಡು ಪಟ್ಟು ಹೆರೆದಿದ್ದೆ ಎಂದು ಆಮೇಲೆ ನೋಡಿದೆ.

ಆ ದಿನ ನಡೆದದ್ದು ನಿನಗೆ ಗೊತ್ತು. ಆದರೆ ನೀನು ನಿಂತಿದ್ದ ಕಡೆಯಿಂದ ಗೊತ್ತು. ನಾನು ನಿಂತಿದ್ದ ಕಡೆಯಿಂದ ಬರೆಯುತ್ತೇನೆ, ಕೇಳು.

ಬಯೋನಿನಲ್ಲಿ ಹೋಟೆಲು ಇಟ್ಟಿರುವ ಎಚೆವೆರಿ ಮಗಾಲಿ ಹುಟ್ಟಿದ ತೊಂಬತ್ತೈದರ ನಿನ್ನ ವೈನನ್ನು ಅಷ್ಟೂ ಕೊಳ್ಳುತ್ತೇನೆಂದಿದ್ದ. ಹಳೇ ಬಿರಡೆ ತೆಗೆದು ಹೊಸದು ಹಾಕಿಕೊಡಬೇಕು ಎಂಬುದು ಅವನ ಷರತ್ತು. ನ್ಯಾಯವೇ. ಅಷ್ಟು ವರ್ಷದಲ್ಲಿ ಬಿರಡೆ ಕುಗ್ಗಿ, ವೈನು ಆವಿಯಾಗಿ, ಬಾಟಲಿಯ ಕತ್ತಿನಿಂದ ಭುಜಕ್ಕೆ ಇಳಿದಿತ್ತು. ಡಜನ್ನಿಗೆ ಒಂದು ಬಾಟಲಿಯನ್ನು ಬಲಿಕೊಟ್ಟು ಹೂಜಿಗೆ ಸುರಿದುಕೊಂಡು, ಅದರಿಂದ ಉಳಿದವನ್ನು ಕತ್ತಿನವರೆಗೆ ತುಂಬಿಸುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಕೈಯಲ್ಲಿ ಒತ್ತುವ ಬಿರಡೆ ಯಂತ್ರ ಇರುವವಳು ಎಂದು ನನ್ನನ್ನು ಕರೆದೆ. ಬಿಲ್ಲು ಕಳಿಸುವುದಿಲ್ಲ ಎಂಬ ಇನ್ನೊಂದು ಕಾರಣವನ್ನು ನೀನು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೆದಕಲಿಲ್ಲ.

ಲಾರಿಯಿಂದ ಇಳಿಯುವಾಗಲೇ ಅಂಗಳದ ತುಂಬ ಸೀದ ವಾಸನೆ. ಒಳಗೆ ಬಂದರೆ ನೀನು ಒಲೆಯಿಂದ ಎರಡು ಮಾರು ದೂರದಲ್ಲಿ ಕೂತು ಪೇಪರು ಓದುತ್ತಿದ್ದೀಯ. ಎಲೆಕೋಸು, ಬಾತುಕೋಳಿ ಹಾಕಿದ ಸೂಪು ಪಾತ್ರೆಗೆ ಕಚ್ಚಿಕೊಂಡು ಕಪ್ಪಾಗುತ್ತಿದೆ.

“ಸೂಪು ತಳ ಹಿಡೀತಲ್ಲೋ,” ಎಂದೆ.

“ಗೊತ್ತು. ತಳ ಹಿಡಿದ್ರೇನೇ ರುಚಿ,” ಎಂದೆ ನೀನು, ತಲೆ ಎತ್ತದೆ.

ಹಾಗೆ ವಾದಿಸುವ ಮೊಂಡನೇ ನೀನಾದ್ದರಿಂದ ನನಗೆ ಅನುಮಾನ ಬರಲಿಲ್ಲ. ಒಲೆ ಆರಿಸಿದೆ. ನೀನು ಆ ಸೀದ ಸೂಪನ್ನು ಎರಡು ತಟ್ಟೆ ತಿಂದೆ. ತಳದಲ್ಲಿ ಉಳಿದದ್ದಕ್ಕೆ ವೈನು ಸುರಿದು, ತಟ್ಟೆ ಎತ್ತಿ ಕುಡಿದು, ಮೀಸೆ ಒರೆಸಿಕೊಂಡೆ. ನಿನ್ನಪ್ಪ ಮಾಡುತ್ತಿದ್ದ ಹಾಗೆಯೇ.

ನೆಲಮಾಳಿಗೆಯಲ್ಲಿ ಎಚೆವೆರಿ ಬಾಗಿಲಿಗೆ ಒರಗಿ ನಿಂತಿದ್ದ. ಬಾಯಲ್ಲಿ ಚುಟ್ಟಾ. ಆ ಹೊಗೆಯಲ್ಲಿ ಹೋತವೇ ಪಕ್ಕದಲ್ಲಿ ಬಂದು ನಿಂತರೂ ಅವನಿಗೆ ವಾಸನೆ ತಿಳಿಯುವಂತಿರಲಿಲ್ಲ. ನೀವೂ ಒಂದು ಗುಟುಕು ನೋಡಿ ಎಂದು ನಾನು ಲೋಟ ಚಾಚಿದರೆ, “ಅರ್ಮಾನ್ ದುಬೋಸ್ ಅವ್ರ ಮೂಗು ಇದ್ಮೇಲೆ ನಂದ್ಯಾಕೆ ಮೇಡಂ? ಈ ಸೀಮೆಗೆಲ್ಲ ಅದೊಂದೇ ಸಾಕು,” ಎಂದ. ನೀನು ನಕ್ಕೆ.

ಹೂಜಿಗೆ ಮೊದಲ ಬಾಟಲಿ ಸುರಿದಾಯಿತು. ಎರಡನೆಯದರ ಬಿರಡೆ ತೆಗೆದವಳು ನಾನು. ನೀನು ಲೋಟಕ್ಕೆ ಒಂದಿಷ್ಟು ಬಗ್ಗಿಸಿಕೊಂಡು, ಮೂಗಿಟ್ಟು, ಕಣ್ಣು ಮುಚ್ಚಿ ಸುಮ್ಮನಾದೆ. ನಿನ್ನ ಆ ಮೌನ ಸುತ್ತಲಿನ ತೋಟದವರಿಗೆಲ್ಲ ಪರಿಚಯ. ಅದು ಮುಗಿಯುವ ತನಕ ಅವರು ಉಸಿರು ಬಿಗಿಹಿಡಿಯುತ್ತಾರೆ. ನಾನು ಒಂದು ತೋಳಿನಷ್ಟು ದೂರದಲ್ಲಿದ್ದೆ. ಅಲ್ಲಿಗೇ ವಾಸನೆ ಬಡಿಯಿತು. ಮಳೆಯಲ್ಲಿ ನೆನೆದ ರಟ್ಟು, ಬಕೆಟ್ಟಿನಲ್ಲೇ ಬಿಟ್ಟ ನೆಲದ ಬಟ್ಟೆ. ಹಳೇ ಬಿರಡೆ ವೈನಿಗೆ ಮುಗ್ಗಲು ಹಿಡಿಸಿತ್ತು. ಅದಕ್ಕೆ ದೊಡ್ಡ ಮೂಗೇನೂ ಬೇಡ, ಮೊಲೆಯುಣ್ಣುವ ಮಗುವೂ ಮುಖ ತಿರುಗಿಸುತ್ತಿತ್ತು.

ನೀನು ಕಣ್ಣು ಬಿಟ್ಟೆ. ಲೋಟ ನೋಡಲಿಲ್ಲ. ನನ್ನ ಮುಖ ನೋಡಿದೆ.

ಆಗ ನನಗೆ ಸೂಪು ಅರ್ಥವಾಯಿತು. ಅದರ ಹಿಂದಿನ ಚಳಿಗಾಲದ ಜ್ವರದಲ್ಲಿ ಹೋಗಿದ್ದ ವಾಸನೆಯ ಅರಿವು ನಿನಗೆ ತಿರುಗಿ ಬಂದೇ ಇಲ್ಲ. ಒಂದು ವರ್ಷದಿಂದ ನೀನು ವೈನು ಮೂಸುತ್ತಿರಲಿಲ್ಲ, ಎದುರಿಗಿದ್ದವರ ಮುಖ ಓದುತ್ತಿದ್ದೆ. ಅವತ್ತು ನಿನ್ನ ದುರದೃಷ್ಟಕ್ಕೆ ಎದುರಿಗಿದ್ದದ್ದು ನನ್ನ ಮುಖ. ಲಾರಿ ಕೊಳ್ಳಲು ಬ್ಯಾಂಕಿನವನ ಎದುರು, ಬಾಕಿ ಕೊಡದ ತೋಟದವರ ಎದುರು, ಕೊನೆಗೆ ನಿನ್ನ ಎದುರೂ ಏನನ್ನೂ ತೋರಿಸದೆ ಪಳಗಿದ ಮುಖ. ನೀನು ಅದರಲ್ಲಿ ಏನೂ ಕಾಣಲಿಲ್ಲ.

“ಚೆನ್ನಾಗಿದೆ. ಹುಯ್ಯಿ,” ಎಂದೆ ನೀನು.

‘ಬೇಡ, ಇನ್ನೊಂದು ತೆಗೆಯೋಣ’ ಎಂದು ನಾನು ಅಂದಿದ್ದರೆ ಮುಗಿಯುತ್ತಿತ್ತು. ಯಾಕೆ ಎಂದು ಎಚೆವೆರಿ ಕೇಳುತ್ತಿದ್ದ, ಸಂಜೆಯೊಳಗೆ ದುಬೋಸ್ ಮೂಗು ಸತ್ತಿದೆ ಎಂಬುದು ಪೇಟೆಯ ಮಾತಾಗುತ್ತಿತ್ತು, ಅದನ್ನು ತಡೆಯಲೆಂದು ಸುಮ್ಮನಿದ್ದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಆ ಹೊತ್ತಿನಲ್ಲಿ ನಾನು ಅಷ್ಟೆಲ್ಲ ಯೋಚಿಸಿದೆನೆಂದು ಪ್ರಮಾಣ ಮಾಡಲಾರೆ. ಕೈ ತನ್ನ ಪಾಡಿಗೆ ಹೂಜಿಗೆ ಸುರಿಯಿತು. ಹೂಜಿಯಿಂದ ಒಂದೊಂದೇ ಬಾಟಲಿಗೆ ತುಂಬಿಸಿತು, ಬಿರಡೆ ಒತ್ತಿತು. ನೀನು ಪಕ್ಕದಲ್ಲಿ ನಿಂತು ಬಾಟಲಿ ಒರೆಸಿ ಕೊಡುತ್ತಿದ್ದೆ. ಜೊತೆಯಾಗಿ ಕೆಲಸ ಮಾಡಿ ಬಹಳ ದಿನವಾಗಿತ್ತು.

ಜನವರಿಯಲ್ಲಿ ಎಚೆವೆರಿ ಅಷ್ಟನ್ನೂ ಹೇರಿಕೊಂಡು ಬಂದ, ನನ್ನನ್ನೂ ಕರೆಸಿದ. ಮೂರು ಬಾಟಲಿ ತೆಗೆಸಿ ನೋಡಿದ್ದನಂತೆ, ಮೂರನ್ನೂ ಊಟಕ್ಕೆ ಕೂತವರು ವಾಪಸು ಕಳಿಸಿದ್ದರಂತೆ.

“ಇದು ವೈನಾ, ನೆಲ ಒರೆಸಿದ ನೀರಾ?” ಎಂದು ನಿನ್ನ ಅಂಗಳದಲ್ಲಿ ನಿಂತು ಕೇಳಿದ. ನೀನು ನಿನ್ನ ಬೂಟು ನೋಡಿಕೊಂಡೆ. “ಬಿರಡೆ ನಂದು. ತಪ್ಪೂ ನಂದು,” ಎಂದೆ ನಾನು.

“ಹಂಗಾದ್ರೆ ನಿಮ್ಮ ಲಾರಿ ಇನ್ಮೇಲೆ ಯಾರ್ಯಾರ ಅಂಗಳಕ್ಕೆ ಹೋಗ್ತದೋ ನಾನೂ ನೋಡ್ತೀನಿ.”

ಹೇಳಿದಂತೆ ನಡೆದುಕೊಳ್ಳುವ ಮನುಷ್ಯ. ಅವನು ಇಳಿಸಿಹೋದ ಬಾಟಲಿಗಳನ್ನು ನಾನೇ ನನ್ನ ಶೆಡ್ಡಿಗೆ ಸಾಗಿಸಿದೆ. ಬಿರಡೆ ಕಂಪನಿಯವನೂ ಬಂದು, “ನಮ್ಮ ಮಾಲು ಶುದ್ಧ ಇದೆ ಮೇಡಂ, ಪರೀಕ್ಷೆ ಮಾಡಿಸಿದ್ದೀವಿ,” ಎಂದು ಅಲವತ್ತುಕೊಂಡ. ನಿಮ್ಮದು ಶುದ್ಧವೇ, ಕೆಡಿಸಿದ್ದು ನನ್ನ ಶೆಡ್ಡು ಎಂದು ಕಾಫಿ ಕುಡಿಸಿ ಕಳಿಸಿದೆ. ನಿನ್ನಿಂದ ಫೋನು ಬರಬಹುದು ಎಂದು ಒಂದು ವಾರ ಅಂದುಕೊಂಡೆ. ಆಮೇಲೆ ಅಂದುಕೊಳ್ಳುವುದು ತಾನಾಗಿ ನಿಂತಿತು.

ಬೇರೆಯಾಗುವಾಗ ನೀನು ನನ್ನ ಲಾರಿಗೆ ಎತ್ತಿಟ್ಟ ತೊಂಬತ್ತೈದರ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಉಳಿದಿತ್ತು. ಹೂಜಿಯ ನೆರಳೂ ಸೋಕದ್ದು. ಭಾನುವಾರ ತೆಗೆದೆ. ನೀನು ಮಾಡಿದ ವೈನು ಈಗ ಹೇಗಿದೆ ಎಂದು ನಿನಗೆ ತಿಳಿಯಲು ಬೇರೆ ದಾರಿ ಇಲ್ಲವಾದ್ದರಿಂದ ಬರೆಯುತ್ತೇನೆ.

ಪೀಪಾಯಿಯಿಂದ ನೀನು ಮೊದಲು ಕುಡಿಸಿದ್ದು ನೆನಪಿದೆಯಾ? ಮಗಾಲಿ ಆಗ ತೊಟ್ಟಿಲಲ್ಲಿ. ಶಾಯಿಯಷ್ಟು ಕಪ್ಪು. ಹಸಿ ಅಕ್ರೋಟಿನ ಸಿಪ್ಪೆ ಕಚ್ಚಿದ ಹಾಗೆ ನಾಲಿಗೆ ಅಂಗುಳಿಗೆ ಅಂಟಿ, ಹಲ್ಲಿನ ಮೇಲೆ ಉಣ್ಣೆ ಬೆಳೆದಂತಾಗಿ, ನನಗೆ ಮಾತೇ ಹೊರಡಲಿಲ್ಲ. “ನಿನ್ನ ಬಾಯಿ ಮುಚ್ಚಿಸೋಕೆ ಇದೇ ಬೇಕಾಯ್ತು ನೋಡು,” ಎಂದು ನೀನು ಕುಣಿದಾಡಿದೆ. ಅವಳು ಶಾಲೆಗೆ ಸೇರಿದ ವರ್ಷ ಒಗರು ಹಾಗೇ ಇತ್ತು, ಒಳಗಿನಿಂದ ಕಪ್ಪು ಹಣ್ಣುಗಳು ತಳ್ಳುತ್ತಿದ್ದವು, ಲವಂಗ ಇತ್ತು. ಜಗಳಗಂಟ ವೈನು, ಆದರೆ ಕುಡಿಯಬೇಕೆನಿಸುತ್ತಿತ್ತು. ಹತ್ತು ವರ್ಷಕ್ಕೆ ತೆಗೆದರೆ ಏನೂ ಇಲ್ಲ. ಹಣ್ಣು ಹೋಗಿತ್ತು, ಬೇರೆಯದು ಬಂದಿರಲಿಲ್ಲ, ಒಗರು ಮಾತ್ರ ಖಾಲಿ ಮನೆಗೆ ಹಾಕಿದ ಬೀಗದ ಹಾಗೆ. ಸತ್ತಿದೆ, ಮಾರಿಬಿಡು ಎಂದೆ. “ಸತ್ತಿಲ್ಲ, ಮಲಗಿದೆ. ಎಬ್ಬಿಸಬೇಡ,” ಎಂದೆ ನೀನು. ಆ ವರ್ಷಗಳಲ್ಲಿ ಮನೆಯಲ್ಲೂ ಹೆಚ್ಚು ಮಾತಿರಲಿಲ್ಲ. ನಾನು ಹೊರಟ ವರ್ಷ ಅದು ಎದ್ದಿತ್ತು: ತಂಬಾಕು, ಕುದುರೆಯ ಹಳೇ ಜೀನಿನ ಚರ್ಮ, ಒಣಗಿದ ಪ್ಲಮ್.

ಈಗ ಅದರ ಅಂಚು ಹಳೇ ಇಟ್ಟಿಗೆಯ ಬಣ್ಣ. ಮೂಗಿಗೆ ಮೊದಲು ಒಣ ಅಂಜೂರ, ಆಮೇಲೆ ಅಣಬೆ ಎದ್ದ ಕಾಡಿನ ನೆಲ, ಕೊನೆಗೆ ಎಲ್ಲೋ ದೂರದಲ್ಲಿ ಆರಿದ ಒಲೆ. ಒಗರು ಹೋಗಿಲ್ಲ. ನುಣ್ಣಗೆ ಅರೆದ ಹಿಟ್ಟಿನ ಹಾಗೆ ನಾಲಿಗೆಯ ಮೇಲೆ ಕೂತು, ಉಳಿದದ್ದನ್ನೆಲ್ಲ ಬೀಳದಂತೆ ಹಿಡಿದುಕೊಂಡಿದೆ. ನುಂಗಿದ ಮೇಲೂ ಬಹಳ ಹೊತ್ತು ಇರುತ್ತದೆ. ಆದರೆ ಲೋಟದಲ್ಲಿ ತುಂಬ ಬಿಟ್ಟರೆ ಬಳಲುತ್ತದೆ. ಸೂಪು ತಣ್ಣಗಾಗುವಷ್ಟರಲ್ಲಿ ಹಣ್ಣು ಹಿಂದೆ ಸರಿದು ಹುಳಿ ತಲೆ ಎತ್ತಿತು. ಇನ್ನು ಇಡುವ ವೈನಲ್ಲ. ಒಳ್ಳೆಯ ಕೆಲಸ ಮಾಡಿದ್ದೆ, ಅರ್ಮಾನ್. ಇಷ್ಟನ್ನೂ ನಾನು ಬಿಡಿಬಿಡಿಯಾಗಿ ಗುರುತಿಸಿದೆ. ಅದಕ್ಕಿಂತ ಹೆಚ್ಚಿನದು ಏನಾದರೂ ಆಗಬಹುದೆಂದು ಕಾದೆ, ಆಗಲಿಲ್ಲ. ಲೋಟ ತೊಳೆದಿಟ್ಟೆ.

ಈಗ ನಾನು ಕೇಳಬೇಕಾದದ್ದು. ಗುರುವಾರ ನೀನು ಪೀಪಾಯಿಗಳ ನಡುವೆ ಕೂತು ಯಾವುದಕ್ಕೆ ಯಾವುದು ಎಂದು ನಿರ್ಧರಿಸುವಾಗ ಎದುರಿಗೆ ಮಗಾಲಿ ಇರುತ್ತಾಳೆ. ನೀನು ಅವಳ ಮುಖ ನೋಡುತ್ತೀಯ. ಅವಳು ಹೊಸಬಳು, ಕಲಿಯಲು ಬಂದವಳು, ಅವಳು ನಿನ್ನ ಮುಖ ನೋಡುತ್ತಾಳೆ. ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಂದು ಇಡೀ ವರ್ಷದ ಬೆಳೆ ಬೆರೆಸುತ್ತೀರಿ, ಅದರ ಮೇಲೆ ಅವಳ ಹೆಸರು ಅಚ್ಚಾಗುತ್ತದೆ. ಊರಿಗೆ ಹೇಳಬೇಡ, ಎಚೆವೆರಿಗೂ ಬೇಡ. ಬಿರಡೆಯ ಮಾತನ್ನು ನಾನೇ ಹೊತ್ತುಕೊಂಡಿರುತ್ತೇನೆ, ಅದು ನನಗೀಗ ಭಾರವೂ ಅಲ್ಲ. ಅವಳೊಬ್ಬಳಿಗೆ ಹೇಳು. ಲೋಟವನ್ನು ಅವಳ ಕೈಗೆ ಕೊಟ್ಟು, ನನಗೆ ತಿಳಿಯುತ್ತಿಲ್ಲ ಮಗಳೇ, ನೀನು ನೋಡು ಎಂದರೆ ಸಾಕು.

ಲಾರಿ ತೊಳೆಯುವುದಿದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಮರೀಸ್

ಮತ್ತೆ: ಇದನ್ನು ಬರೆಯಬಾರದೆಂದಿದ್ದೆ. ಭಾನುವಾರದ ಬಾಟಲಿಯನ್ನು ನಾನೊಬ್ಬಳೇ ಕುಡಿಯಲಿಲ್ಲ. ಮಗಾಲಿ ಒಂದು ಲೋಟ ಕುಡಿದು, ಎಚೆವೆರಿ ಹಿಂದಿರುಗಿಸಿದ್ದನ್ನೂ ತೋರಿಸು ಎಂದಳು. ಶೆಡ್ಡಿನಿಂದ ಮೂರು ತಂದು ತೆಗೆದೆ. ಮೂರನ್ನೂ ಮೂಸಿ, “ಬಿರಡೆ ಕೆಟ್ಟಿದ್ರೆ ಒಂದೊಂದು ಬಾಟ್ಲಿ ಒಂದೊಂದು ಥರ ಇರ್ತಿತ್ತಮ್ಮ. ಇವು ಮೂರೂ ಒಂದೇ. ಇದು ಹೂಜಿಯಿಂದ ಬಂದಿದ್ದು,” ಎಂದಳು. ಲೋಟ ಕೆಳಗಿಟ್ಟು, “ಅಪ್ಪನಿಗೆ ಯಾವಾಗಿಂದ ವಾಸ್ನೆ ಗೊತ್ತಾಗ್ತಿಲ್ಲ?” ಎಂದಳು. ಅವನನ್ನೇ ಕೇಳು ಎಂದೆ. “ಕೇಳಲ್ಲ. ಅವರೇ ಹೇಳ್ಲಿ. ಗುರುವಾರದವರೆಗೆ ನೋಡ್ತೀನಿ, ಹೇಳ್ದಿದ್ರೆ ಪೋಗೆ ವಾಪಸ್ ಹೋಗ್ತೀನಿ,” ಎಂದು ಕೋಟು ಹಾಕಿಕೊಂಡಳು.

ಈ ದಿನಕ್ಕೆ ಯಾರಿಗೆ ಏನು ದಕ್ಕಿದೆಯೆಂದರೆ: ಎಚೆವೆರಿಗೆ ಅವನ ದುಡ್ಡು. ಪಕ್ಕದೂರಿನ ಲಾರಿಯವನಿಗೆ ನನ್ನ ನಾಲ್ಕು ತೋಟ. ನಿನಗೆ ನಿನ್ನ ಹೆಸರು. ಮಗಾಲಿಗೆ ನಿನ್ನ ಮೂಗು. ನನಗೆ ಮುಕ್ಕಾಲು ಬಾಟಲಿ ವೈನು.