ಹಬೆಗೆ ಹೊಯ್ದ ಬಕೆಟ್ ನೀರು

ಅವ್ವಾ, ಕಾರ್ಡು ಚಿಕ್ಕದು, ನೇರ ವಿಷಯಕ್ಕೆ ಬರುತ್ತೇನೆ.

ಈ ಬೆಟ್ಟದಲ್ಲಿ ಬಾವಿಯೂ ಇಲ್ಲ, ಹೊಳೆಯೂ ಇಲ್ಲ. ನೆಲದ ಬಿರುಕಿನಿಂದ ಏಳುವ ಹಬೆಗೆ ಉದ್ದನೆಯ ಕೊಳವೆ ಜೋಡಿಸುತ್ತಾರೆ. ಹಬೆ ತಣ್ಣಗಾಗಿ ಹನಿಹನಿಯಾಗಿ ಡ್ರಮ್ಮಿಗೆ ಇಳಿಯುತ್ತದೆ. ಕುಡಿಯುವುದಕ್ಕೂ ಕೋಸಿನ ಸಸಿಮಡಿಗೂ ಅದೇ ನೀರು. ಮದುವೆಯಾಗಿ ಬಂದ ದಿನ ನಾನು ಹಿತ್ತಲಿಗೆ ಬೆಂಕಿ ಬಿದ್ದಿದೆಯೆಂದುಕೊಂಡು ಆ ಹಬೆಗೆ ಅತ್ತೆ ಹಿಡಿದಿಟ್ಟಿದ್ದ ಒಂದು ಬಕೆಟ್ ನೀರು ಎರಚಿಬಿಟ್ಟೆ.

"ಕೆರೆ ದಂಡೆಯವಳಲ್ವಾ, ನೀರಂದ್ರೆ ಸಸಾರ," ಎಂದು ಅತ್ತೆ ಊರಿಗೆಲ್ಲ ಹೇಳಿ ನಗಿಸಿದರು.

ಈಗ ಯಾರೂ ನಗುತ್ತಿಲ್ಲ. ಕೆಳಗಿನ ವಿದ್ಯುತ್ ಸ್ಥಾವರದವರು ಹಬೆಗಾಗಿ ಆಳಕ್ಕೆ ಕೊರೆದ ಮೇಲೆ ನಮ್ಮ ಬಿರುಕು ಸೊರಗಿದೆ. ಒಂದು ದಿನಕ್ಕೆ ತುಂಬುತ್ತಿದ್ದ ಡ್ರಮ್ಮಿಗೆ ವಾರ ಬೇಕು. ಸಸಿಮಡಿ ಒಣಗಿತು. ನೈರೋಬಿಯಿಂದ ಬಂದ ಎಂಜಿನಿಯರ್, "ನಮ್ಮ ಹಬೆನೇ ಬೇರೆ, ನಿಮ್ಮದೇ ಬೇರೆ ಅಮ್ಮಾ," ಎಂದ.

"ಹಂಗಾದ್ರೆ ನಮ್ದನ್ನ ನಮಗೆ ಬಿಡಪ್ಪಾ," ಎಂದರು ಅತ್ತೆ.

ನನಗೆ ಎಂಟು ತಿಂಗಳು ತುಂಬಿತು, ಆರೋಗ್ಯವಾಗಿದ್ದೇನೆ. ಮಗು ನೋಡಲು ನಮ್ಮೂರ ಹೆಂಗಸರನ್ನು ಕಟ್ಟಿಕೊಂಡು ಬರುತ್ತೀಯಲ್ಲ, ಆಗ ಪದ್ಧತಿಯೆಂದು ಬಾಳೆಗೊನೆ, ಸೌದೆ ಹೊರಬೇಡಿ. ಎಲ್ಲರ ಬೆನ್ನ ಮೇಲೂ ಕೆರೆ ನೀರೇ ಇರಲಿ.

ಅದರಲ್ಲಿ ಒಂದು ಬಕೆಟ್ ಅತ್ತೆಯದು.

ನಿನ್ನ ಮಗಳು ಮುಗುರೆ